ರಕ್ತದ ಬಾಟಲಿಯಲ್ಲಿ ಯೀಸ್ಟ್ ಕಂಡರೆ ಅದರ ಹೆಸರು ಬೇಗ ಹಿಡಿಯುವುದು ಹೇಗೆ

ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ, ರಕ್ತದ ಬಾಟಲಿಯಲ್ಲಿ ಏನಾದರೂ ಬೆಳೆದರೆ ತಿಳಿಸುವ ಬ್ಲಡ್ ಕಲ್ಚರ್ ಮಷಿನ್ ಕೂಗಿತು. ಬಾಟಲಿ ಕುಂದಗೋಳ ಕಡೆಯ ಒಬ್ಬ ರೈತರದು. ಕರುಳಿನ ಆಪರೇಷನ್ ಆಗಿ ಐಸಿಯುನಲ್ಲಿ ಅವರಿಗೆ 12ನೇ ದಿನ. ಕುತ್ತಿಗೆಯಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಇತ್ತು, ಮೂರು ಥರದ ಆ್ಯಂಟಿಬಯೋಟಿಕ್ ನಡೆದಿತ್ತು. ಜ್ವರ ಮಾತ್ರ ಇಳಿದಿರಲಿಲ್ಲ. ಸ್ಲೈಡ್ ಮಾಡಿ ನೋಡಿದೆ. ಅಲ್ಲಲ್ಲಿ ನೇರಳೆ ಬಣ್ಣದ ದಪ್ಪ ಕಾಳುಗಳು, ಕೆಲವಕ್ಕೆ ಪಕ್ಕದಲ್ಲೇ ಸಣ್ಣ ಮೊಗ್ಗು. 6:50ಕ್ಕೆ ಐಸಿಯುಗೆ ಫೋನ್ ಮಾಡಿದೆ.

"ಡಾಕ್ಟ್ರ, 7ನೇ ಬೆಡ್ಡಿನ ಬಾಟಲಿಯೊಳಗ ಯೀಸ್ಟ್ ಬಂದಾವ್ರಿ."

"ಯಾವ ಯೀಸ್ಟ್ ರೀ ಅಕ್ಕಾರ?"

ಯೀಸ್ಟ್ ಅಂದರೆ ಒಂಟಿ ಕಣದ ಶಿಲೀಂಧ್ರ. ಈ ಪ್ರಶ್ನೆಗೆ ಎಷ್ಟು ಬೇಗ ಉತ್ತರ ಕೊಡಬಹುದು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ನಾನು 19 ವರ್ಷದಿಂದ ಟೆಕ್ನಿಷಿಯನ್. ಗದಗ, ಹಾವೇರಿ, ರಾಣೆಬೆನ್ನೂರಿನ ಸಣ್ಣ ಲ್ಯಾಬುಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. "ಅಕ್ಕಾ, ನಮ್ಮಲ್ಲಿ ದೊಡ್ಡ ಮಷಿನ್ ಇಲ್ಲ, ನಾವೇನು ಮಾಡೋಣ?" ಅನ್ನುತ್ತಾರೆ. ಮಷಿನ್ ಇಲ್ಲದೆಯೂ ಬೇಕಾದಷ್ಟು ಮಾಡಬಹುದು. ಪೂರ್ತಿ ಹೆಸರು ಸಿಗುವ ತನಕ ಬಾಯಿ ಮುಚ್ಚಿಕೊಂಡು ಕೂರಬಾರದು, ಅಷ್ಟೇ. ಗೊತ್ತಾದ ಅರ್ಧ ಮಾತನ್ನೂ ಆಗಿಂದಾಗಲೇ ವಾರ್ಡಿಗೆ ಮುಟ್ಟಿಸಬೇಕು.

ಮೊದಲು ಹೆಸರು ಯಾಕೆ ಬೇಕು ಅನ್ನುವುದನ್ನು ನೋಡೋಣ. ಫ್ಲುಕೊನಜೋಲ್ ಶಿಲೀಂಧ್ರಕ್ಕೆ ಕೊಡುವ ಅಗ್ಗದ ಔಷಧಿ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕ್ಯಾಂಡಿಡಾ ಅನ್ನುವ ಯೀಸ್ಟಿನಲ್ಲಿ ಅಲ್ಬಿಕನ್ಸ್, ಕ್ರೂಸಿಯೈ, ಗ್ಲಾಬ್ರಾಟಾ, ಔರಿಸ್, ಹೀಗೆ ಹಲವು ಜಾತಿ. ಕ್ಯಾಂಡಿಡಾ ಅಲ್ಬಿಕನ್ಸ್ ಸಾಮಾನ್ಯವಾಗಿ ಅದಕ್ಕೆ ಬಗ್ಗುತ್ತದೆ. ಆದರೆ ಕ್ಯಾಂಡಿಡಾ ಕ್ರೂಸಿಯೈ ಹುಟ್ಟಾ ಅದಕ್ಕೆ ಬಗ್ಗುವುದಿಲ್ಲ. ಗ್ಲಾಬ್ರಾಟಾಕ್ಕೆ ಡೋಸ್ ಜಾಸ್ತಿ ಬೇಕು, ಎಷ್ಟೋ ಸಲ ಆಗಲೂ ಕೆಲಸ ಮಾಡುವುದಿಲ್ಲ. ಔರಿಸ್ ಬಹುತೇಕ ಬಗ್ಗುವುದೇ ಇಲ್ಲ. ಹಾಗಾಗಿ ಡಾಕ್ಟರುಗಳು ಈಗ ಮೊದಲಿಗೆ ಎಕಿನೋಕ್ಯಾಂಡಿನ್ ಗುಂಪಿನ ಔಷಧಿ ಶುರು ಮಾಡುತ್ತಾರೆ. ಅದು ಡ್ರಿಪ್ಪಿನಲ್ಲೇ ಕೊಡಬೇಕಾದದ್ದು, ಬೆಲೆಯೂ ಜಾಸ್ತಿ. ಅದಕ್ಕೂ ಒಂದು ತೊಡಕಿದೆ. ಕ್ಯಾಂಡಿಡಾ ಅಲ್ಲದ ಯೀಸ್ಟ್‌ಗಳಾದ ಕ್ರಿಪ್ಟೊಕಾಕಸ್ ಆಗಲಿ ಟ್ರೈಕೊಸ್ಪೊರಾನ್ ಆಗಲಿ ಅದಕ್ಕೆ ಜಗ್ಗುವುದಿಲ್ಲ. ಸುಮ್ನೆ "ಯೀಸ್ಟ್" ಅಂತ ಬರೆದು ಕಳಿಸಿದರೆ ಡಾಕ್ಟರು ಯಾವುದನ್ನು ನಂಬಿ ಔಷಧಿ ಕೊಡಬೇಕು?

ಇದನ್ನು ನಾನು ಕಲಿತದ್ದು ಬಹಳ ಕೆಟ್ಟ ರೀತಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೊಂದು ಲ್ಯಾಬಿನಲ್ಲಿದ್ದೆ. ರಕ್ತದಲ್ಲಿ ಯೀಸ್ಟ್ ಬಂದರೆ "ಯೀಸ್ಟ್ ಬೆಳೆದಿದೆ" ಅಂತ ಬರೆದು ಸಹಿ ಮಾಡುವುದೇ ಅಲ್ಲಿಯ ಪದ್ಧತಿ. ಒಬ್ಬ ಬಾಣಂತಿಯ ಬಾಟಲಿಗೂ ಹಾಗೆಯೇ ಬರೆದು ಕಳಿಸಿದೆ. ಐದು ದಿನ ಫ್ಲುಕೊನಜೋಲ್ ಕೊಟ್ಟರು. ಎರಡನೇ ಸಲದ ಬಾಟಲಿಯಲ್ಲೂ ಅದೇ ಬೆಳೆದಾಗ ನಮ್ಮ ಮೇಡಂ ಬೇರೆ ಕಡೆ ಕಳಿಸಿದರು, ಕ್ರೂಸಿಯೈ ಅಂತ ಬಂತು. ಆ ತಾಯಿ ಉಳಿಯಲಿಲ್ಲ. ಹೆಸರು ಮೊದಲೇ ಹೇಳಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ. ಆದರೆ ಆ ಐದು ದಿನ ಅವರ ಮೈಗೆ ಹೋದದ್ದು ಕೆಲಸಕ್ಕೆ ಬಾರದ ಔಷಧಿ. ಯೀಸ್ಟ್ ಬೆಳೆದ ಆ ಪ್ಲೇಟು ಐದೂ ದಿನ ನನ್ನ ಕೈಗೆ ಸಿಗುವಲ್ಲೇ ಇತ್ತು.

ಬಾಟಲಿ ಬರುವ ದಾರಿ

ವೇಗ ಶುರುವಾಗುವುದು ರಕ್ತ ತೆಗೆಯುವಲ್ಲಿ. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂಎಲ್ ಬೇಕು. ರಕ್ತದಲ್ಲಿ ಯೀಸ್ಟ್ ತೀರಾ ಕಡಿಮೆ ಇರುತ್ತದೆ. 3 ಎಂಎಲ್ ಹಾಕಿ ಕಳಿಸಿದರೆ ಅದರಲ್ಲಿ ಒಂದೂ ಇಲ್ಲದೆ ಹೋಗಬಹುದು. ಒಳಗೆ ಕ್ಯಾಂಡಿಡಾ ರೋಗ ಬೇರೂರಿದವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಬ್ಲಡ್ ಕಲ್ಚರ್‌ನಲ್ಲಿ ಏನೂ ಬರುವುದಿಲ್ಲ. ನಾವು ಕೈಯಾರೆ ಅದನ್ನು ಇನ್ನೂ ಕೆಡಿಸಬಾರದು, ಅಲ್ವಾ?

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಬಸ್ಸಿನಲ್ಲೋ ಕಾರಿನಲ್ಲೋ ಬಾಟಲಿ ಬರುತ್ತದೆ. ಒಂದು ಸಲ ಲಸಿಕೆಯ ಐಸ್ ಡಬ್ಬಿಯಲ್ಲಿ ಬಾಟಲಿ ಬಂತು, ಮೇಲೆಲ್ಲಾ ನೀರು ಬೆವೆತಿತ್ತು. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಟ್ಟಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಬ್ಲಡ್ ಕಲ್ಚರ್ ಬಾಟಲಿಯನ್ನು ಯಾವತ್ತೂ ತಣ್ಣಗೆ ಇಡಬಾರದು. ಕೋಣೆಯ ಬಿಸಿಯಲ್ಲೇ ಇಟ್ಟು, ಬೇಗ ಕಳಿಸಿ. ಏಪ್ರಿಲ್ ಬಿಸಿಲಲ್ಲಿ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಇಡುವುದೂ ಬೇಡ.

ಮೊದಲ ಒಂದು ಗಂಟೆ: ಸ್ಲೈಡ್

ಮಷಿನ್ ಕೂಗಿದ ಕೂಡಲೇ ಬಾಟಲಿ ತೆಗೆಯಿರಿ. ಸೇಫ್ಟಿ ಕ್ಯಾಬಿನೆಟ್ಟಿನಲ್ಲಿ ಕೂತು, ಬಾಟಲಿಯ ರಬ್ಬರನ್ನು ಆಲ್ಕೋಹಾಲಿನಿಂದ ಒರೆಸಿ, ಒಂದೆರಡು ಹನಿ ತೆಗೆಯಿರಿ. ಗ್ರಾಂ ಸ್ಟೇನಿಗೆ, ಅಂದರೆ ಬಣ್ಣ ಹಾಕಿ ನೋಡಲು, ಒಂದು ಸ್ಲೈಡ್; ಹಸಿಯಾಗಿಯೇ ಕವರ್‌ಸ್ಲಿಪ್ ಮುಚ್ಚಿ ನೋಡಲು ಇನ್ನೊಂದು. ಹಸಿ ಸ್ಲೈಡನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. 40ರ ಲೆನ್ಸಿನಲ್ಲಿ ಮೊಗ್ಗು ಒಡೆಯುತ್ತಿರುವ ಜೀವಂತ ಯೀಸ್ಟ್ ಕಂಡರೆ ಆಮೇಲೆ ಅನುಮಾನ ಉಳಿಯುವುದಿಲ್ಲ.

ಗ್ರಾಂ ಸ್ಲೈಡಿನಲ್ಲಿ ಅಳತೆಗೆ ಗಮನ ಕೊಡಿ. ಸ್ಟ್ಯಾಫಿಲೊಕಾಕಸ್ ಸುಮಾರು 1 ಮೈಕ್ರಾನ್, ಕೆಂಪು ರಕ್ತಕಣ ಸುಮಾರು 7. ಯೀಸ್ಟ್ ಇವೆರಡರ ನಡುವೆ, 3ರಿಂದ 6ರ ತನಕ. ಪಕ್ಕದಲ್ಲೇ ಕೆಂಪು ಕಣ ಇರುತ್ತದೆ, ಅದರ ಜೊತೆ ಹೋಲಿಸಿ ನೋಡಿ. ಮೋಸ ಹೋಗುವ ಜಾಗ ಎರಡು. ಕ್ರಿಸ್ಟಲ್ ವಯಲೆಟ್ ಸೋಸದೆ ಹಾಕಿದರೆ ಬಣ್ಣದ ಗಸಿ ಕೂತು ಯೀಸ್ಟ್ ಥರ ಕಾಣುತ್ತದೆ. ಆದರೆ ಗಸಿಗೆ ಅಂಚು ನೆಟ್ಟಗಿರುವುದಿಲ್ಲ, ಮೊಗ್ಗೂ ಇರುವುದಿಲ್ಲ. ಎರಡನೆಯದು ಗ್ಲಾಬ್ರಾಟಾ. ಅದು ತೀರಾ ಸಣ್ಣದು, 2ರಿಂದ 4 ಮೈಕ್ರಾನ್. ಅವಸರದಲ್ಲಿ ದಪ್ಪ ಕಾಕೈ (ಗುಂಡು ಬ್ಯಾಕ್ಟೀರಿಯಾ) ಅಂದುಕೊಂಡು ಬಿಡುವ ಅಪಾಯ ಇದೆ.

ಈ ಹಂತದಲ್ಲೇ ಕೆಲವು ಸುಳಿವು ಸಿಗುತ್ತದೆ. ಉದ್ದನೆಯ ಸರಪಳಿ, ಕೊಂಬೆ ಕೊಂಬೆಯಾಗಿ ಗುಂಪುಗಟ್ಟಿದ್ದರೆ ಅಲ್ಬಿಕನ್ಸ್ ಅಥವಾ ಟ್ರಾಪಿಕಾಲಿಸ್ ಇರಬಹುದು. ಬರೀ ಸಣ್ಣ ಮೊಟ್ಟೆ ಆಕಾರ, ಸರಪಳಿ ಇಲ್ಲ ಅಂದರೆ ಗ್ಲಾಬ್ರಾಟಾ ಮತ್ತು ಔರಿಸ್ ಎರಡನ್ನೂ ನೆನಪಿಡಿ. ಗುಂಡಗೆ, ಒಂದು ದೊಡ್ಡದು ಒಂದು ಚಿಕ್ಕದು, ಬಣ್ಣ ಸರಿಯಾಗಿ ಹಿಡಿಯದೆ ಮಾಸಲಾಗಿ, ಸಪೂರ ಕತ್ತಿನ ಒಂದೇ ಮೊಗ್ಗು ಇದ್ದರೆ ಕ್ರಿಪ್ಟೊಕಾಕಸ್. ಆಗ ತಕ್ಷಣ ಇಂಡಿಯಾ ಇಂಕ್ (ಕಪ್ಪು ಶಾಯಿ) ಹಾಕಿ ಸುತ್ತಲಿನ ಬೆಳ್ಳನೆಯ ಕವಚ ಇದೆಯಾ ನೋಡಿ, ರೋಗಿಯ ಸೀರಂನಲ್ಲಿ (ರಕ್ತದ ತಿಳಿಯಲ್ಲಿ) ಕ್ರಿಪ್ಟೊಕಾಕಲ್ ಆ್ಯಂಟಿಜನ್ ಪಟ್ಟಿ ಪರೀಕ್ಷೆಯನ್ನೂ ಮಾಡಿ. ಕೆಲವೇ ನಿಮಿಷದ ಕೆಲಸ ಅದು. ಇವೆಲ್ಲ ಸುಳಿವು ಮಾತ್ರ, ರಿಪೋರ್ಟಿನಲ್ಲಿ ಬರೆಯುವ ಹೆಸರಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಾಲ್ಕು ಬಾಟಲಿಯಲ್ಲಿ ಒಂದರಲ್ಲೇ ಕ್ಯಾಂಡಿಡಾ ಬಂದರೂ ಅದು ಕಂಟಾಮಿನೇಷನ್, ಅಂದರೆ ಹೊರಗಿನಿಂದ ಸೇರಿದ್ದು, ಅಲ್ಲ. ಚರ್ಮದ ಬ್ಯಾಕ್ಟೀರಿಯಾಕ್ಕೆ ಅನ್ವಯಿಸುವ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಫೋನ್ ಮಾಡುವಾಗ ರೋಗಿಯ ಹೆಸರು, ಬೆಡ್, ಬಾಟಲಿ ಯಾವ ಕಡೆಯಿಂದ ತೆಗೆದದ್ದು, ಏನು ಕಂಡಿತು, ಎಲ್ಲ ಹೇಳಿ. ಕೇಳಿಸಿಕೊಂಡವರಿಂದ ಅದನ್ನು ತಿರುಗಿ ಹೇಳಿಸಿ. ಅವರ ಹೆಸರು ಮತ್ತು ಸಮಯವನ್ನು ರಿಜಿಸ್ಟರಿನಲ್ಲಿ ಬರೆಯಿರಿ. ಸಿಸ್ಟರ್ ಫೋನ್ ಎತ್ತಿದರೆ ಡ್ಯೂಟಿ ಡಾಕ್ಟರಿಗೂ ಒಂದು ಸಲ ಮಾಡಿ. ರಾತ್ರಿ ಪಾಳಿ ಮುಗಿಯುವ ಹೊತ್ತಿನಲ್ಲಿ ಮಾತು ನಡುವೆ ಕಳೆದುಹೋಗುವುದನ್ನು ನಾನು ತುಂಬಾ ಸಲ ನೋಡಿದ್ದೇನೆ.

ಮೂರು ಗಂಟೆಯಲ್ಲಿ ಸಿಗುವ ಉತ್ತರ: ಜರ್ಮ್ ಟ್ಯೂಬ್

ನನಗೆ ತುಂಬಾ ಪ್ರೀತಿಯ ಪರೀಕ್ಷೆ ಇದು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಸಣ್ಣ ಟ್ಯೂಬಿನಲ್ಲಿ 0.5 ಎಂಎಲ್ ಸೀರಂ ತೆಗೆದುಕೊಳ್ಳಿ. ಅದಕ್ಕೆ ಚೂರೇ ಚೂರು ಯೀಸ್ಟ್ ಹಾಕಿ 37 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ ಇಡಿ. ಆಮೇಲೆ ಒಂದು ಹನಿ ಸ್ಲೈಡಿಗೆ ಹಾಕಿ ನೋಡಿ. ಅಲ್ಬಿಕನ್ಸ್ ಆದರೆ ಕಣದಿಂದ ನೆಟ್ಟಗೆ ಒಂದು ಬಾಲ ಹೊರಟಿರುತ್ತದೆ. ಮೊಳಕೆ ಕಟ್ಟಿದ ಹೆಸರುಕಾಳು ನೋಡಿದ್ದೀರಲ್ಲ, ಹಾಗೆ. ಬಾಲದ ಅಗಲ ತಾಯಿ ಕಣದ ಅರ್ಧದಷ್ಟು, ಉದ್ದ ಅದರ ಮೂರ್ನಾಲ್ಕು ಪಟ್ಟು. ಬಾಲ ಹೊರಡುವ ಜಾಗದಲ್ಲಿ ಸೊಂಟ ಕಟ್ಟಿದ ಹಾಗೆ ಇರಬಾರದು. ಸೊಂಟ ಇದ್ದರೆ ಅದು ಜರ್ಮ್ ಟ್ಯೂಬ್ ಅಲ್ಲ, ಉದ್ದಕ್ಕೆ ಬೆಳೆದ ಮೊಗ್ಗು.

ಇಲ್ಲಿ ಎಡವುವುದು ಮೂರು ಕಡೆ. ಒಂದು, ಯೀಸ್ಟ್ ಜಾಸ್ತಿ ಹಾಕುವುದು. ಸೀರಂ ಹಾಲಿನ ಥರ ಆದರೆ ಅಲ್ಬಿಕನ್ಸ್ ಕೂಡ ಬಾಲ ಬಿಡುವುದಿಲ್ಲ. ಕಾಲನಿಗೆ, ಅಂದರೆ ಪ್ಲೇಟಿನ ಮೇಲೆ ಬೆಳೆದ ಯೀಸ್ಟಿನ ಗುಡ್ಡೆಗೆ, ಪೈಪೆಟ್ಟಿನ ತುದಿ ತಾಗಿಸಿದರೆ ಸಾಕು, ಸೀರಂ ಮಬ್ಬಾಯಿತೋ ಇಲ್ಲವೋ ಅನ್ನುವಷ್ಟು. ಎರಡು, ಊಟಕ್ಕೆ ಹೋಗಿ ಮರೆಯುವುದು. ಮೂರು ಗಂಟೆ ದಾಟಿದರೆ ಟ್ರಾಪಿಕಾಲಿಸ್‌ನಿಂದಲೂ ಬಾಲದ ಹಾಗೆ ಕಾಣುವ ಎಳೆ ಹೊರಡಬಹುದು. ನಾನು ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ. ಮೂರು, ಯಾರದೋ ಉಳಿದ ಸೀರಂ ಬಳಸುವುದು. ಆ ರೋಗಿಗೆ ಶಿಲೀಂಧ್ರದ ಔಷಧಿ ನಡೆದಿದ್ದರೆ ಪರೀಕ್ಷೆ ಕೆಡುತ್ತದೆ, ಹೆಪಟೈಟಿಸ್ ಭಯ ಬೇರೆ. ಫೀಟಲ್ ಬೊವೈನ್ ಸೀರಂ ತರಿಸಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಫ್ರೀಜರಿನಲ್ಲಿಡಿ. ಪ್ರತಿ ಸಲವೂ ಗೊತ್ತಿರುವ ಒಂದು ಅಲ್ಬಿಕನ್ಸ್, ಒಂದು ಟ್ರಾಪಿಕಾಲಿಸ್ ಜೊತೆಗಿಟ್ಟು ನೋಡಿ, ಇವೇ ಕಂಟ್ರೋಲ್.

ಕಾಲನಿ ಬೆಳೆಯುವ ತನಕ ಕಾಯಬೇಕಿಲ್ಲ. ಬಾಟಲಿಯ ದ್ರವವನ್ನೇ ಸ್ವಲ್ಪ ತೆಗೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಸೀರಂಗೆ ಹಾಕಬಹುದು. ಬಾಲ ಬಂದರೆ "ಅಲ್ಬಿಕನ್ಸ್ ಇರುವ ಸಾಧ್ಯತೆ ಜಾಸ್ತಿ" ಅಂತ ಮಧ್ಯಾಹ್ನದ ಒಳಗೇ ಹೇಳಬಹುದು. ಡಬ್ಲಿನಿಯೆನ್ಸಿಸ್ ಅನ್ನುವ ಇನ್ನೊಂದು ಕ್ಯಾಂಡಿಡಾ ಕೂಡ ಬಾಲ ಬಿಡುತ್ತದೆ, ಆದರೆ ರಕ್ತದಲ್ಲಿ ಅದು ಅಪರೂಪ. ಬಾಲ ಬರದಿದ್ದರೆ ಕಾಲನಿ ಬಂದ ಮೇಲೆ ಇನ್ನೊಮ್ಮೆ ಮಾಡಿ.

ಕುಂದಗೋಳದವರ ಬಾಟಲಿಗೆ 10:15ಕ್ಕೆ ನೋಡಿದೆ. ಬಾಲ ಇಲ್ಲ. ಕಂಟ್ರೋಲ್ ಎರಡೂ ಸರಿಯಾಗಿದ್ದವು. ಐಸಿಯುಗೆ ಎರಡನೇ ಫೋನ್. "ಅಲ್ಬಿಕನ್ಸ್ ಇದ್ದಂಗ ಕಾಣಂಗಿಲ್ಲ ಸರ, ಈಗ ಫ್ಲುಕೊನಜೋಲ್‌ಗೆ ಇಳಸಬ್ಯಾಡ್ರಿ ಅಂತ ಮೇಡಂ ಹೇಳ್ಯಾರ." ನಮ್ಮ ಮೇಡಂ, ಅಂದರೆ ಮೈಕ್ರೋಬಯಾಲಜಿ ಡಾಕ್ಟರು, ಪಕ್ಕದಲ್ಲೇ ನಿಂತಿದ್ದರು. ಔಷಧಿಯ ಮಾತನ್ನು ಟೆಕ್ನಿಷಿಯನ್ ತಾನಾಗಿ ಹೇಳಬಾರದು, ಡಾಕ್ಟರ ಒಪ್ಪಿಗೆ ಬೇಕು.

ಬಣ್ಣದ ಪ್ಲೇಟು

ಸ್ಲೈಡ್ ಮಾಡಿದ ಹೊತ್ತಿಗೇ ಬಾಟಲಿಯ ದ್ರವವನ್ನು ಬ್ಲಡ್ ಅಗಾರ್, ಸಬೂರೊ ಮತ್ತು ಕ್ರೋಮೊಜೆನಿಕ್ (ಜಾತಿಗೆ ತಕ್ಕ ಬಣ್ಣ ಕೊಡುವ) ಅಗಾರ್ ಮೂರೂ ಪ್ಲೇಟಿಗೆ ಹಚ್ಚಿಬಿಡಿ. ನಾಳೆ ನೋಡೋಣ ಅಂದರೆ ಒಂದು ದಿನ ಹೋಯಿತು. ಕ್ರೋಮೊಜೆನಿಕ್ ಪ್ಲೇಟಿನಲ್ಲಿ ಅಲ್ಬಿಕನ್ಸ್ ಹಸಿರು, ಟ್ರಾಪಿಕಾಲಿಸ್ ನೀಲಿ. ಕ್ರೂಸಿಯೈ ಗುಲಾಬಿ, ಅಗಲವಾಗಿ, ಒಣಗಿ ಒರಟಾಗಿ ಹಬ್ಬಿರುತ್ತದೆ. ಗ್ಲಾಬ್ರಾಟಾ, ಪ್ಯಾರಾಪ್ಸಿಲೋಸಿಸ್ ಬಿಳಿಯಿಂದ ತಿಳಿ ಗುಲಾಬಿ. ತಯಾರಿಸುವ ಕಂಪನಿ ಬದಲಾದರೆ ಬಣ್ಣದ ಛಾಯೆಯೂ ಬದಲಾಗುತ್ತದೆ, ಡಬ್ಬಿಯ ಜೊತೆ ಬಂದ ಚೀಟಿ ಓದಿ. 24 ಗಂಟೆಗೆ ಬೆಳೆ ಕಾಣುತ್ತದೆ, ಆದರೆ ಬಣ್ಣ ಪಕ್ಕಾ ಆಗುವುದು 48ಕ್ಕೆ. ಟ್ಯೂಬ್‌ಲೈಟ್ ಕೆಳಗೆ ನೀಲಿಯೂ ಹಸಿರೂ ಒಂದೇ ಥರ ಕಂಡು ನಾನು ಗೊಂದಲಪಟ್ಟಿದ್ದುಂಟು. ಮುಚ್ಚಳ ತೆಗೆಯದೆ, ಕಿಟಕಿಯ ಬೆಳಕಿಗೆ ಬಿಳಿ ಹಾಳೆಯ ಮೇಲಿಟ್ಟು ನೋಡುತ್ತೇನೆ.

ಈ ಪ್ಲೇಟಿನ ದೊಡ್ಡ ಉಪಕಾರ ಬೇರೆಯೇ ಇದೆ. ಎರಡು ಜಾತಿ ಕೂಡಿ ಬಂದಿದ್ದರೆ ಎರಡು ಬಣ್ಣ ಕಾಣುತ್ತದೆ. ಸಬೂರೊದಲ್ಲಿ ಎಲ್ಲವೂ ಕೆನೆ ಬಣ್ಣ, ಅಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ತಿಳಿ ಬಣ್ಣದ ಕಾಲನಿಗೆ ಬರೀ ಪ್ಲೇಟು ನೋಡಿ ಹೆಸರಿಡಬೇಡಿ. ಅಲ್ಲಿ ಔರಿಸ್ ಅಡಗಿರಬಹುದು.

ಕಾರ್ನ್‌ಮೀಲ್ ಅಗಾರ್ ಬಗ್ಗೆಯೂ ಎರಡು ಮಾತು. ಅದು ಗೋವಿನಜೋಳದ ಹಿಟ್ಟಿನದು, ಹಾವೇರಿಯವರಿಗೆ ಹೇಳಿಕೊಡಬೇಕಿಲ್ಲ. ಟ್ವೀನ್ 80 ಸೇರಿಸಿ, ಯೀಸ್ಟ್ ಗೀರೆಳೆದು, ಮೇಲೆ ಕವರ್‌ಸ್ಲಿಪ್ ಮುಚ್ಚಿ, 25 ಡಿಗ್ರಿಯಲ್ಲಿ ಮೂರು ದಿನ ಇಡಬೇಕು. ಬೇಗ ಅಲ್ಲ, ಆದರೆ ಬಣ್ಣದ ಪ್ಲೇಟಿನ ಮಾತನ್ನು ಗಟ್ಟಿ ಮಾಡುತ್ತದೆ. ಅಲ್ಬಿಕನ್ಸ್‌ಗೆ ಎಳೆಯ ತುದಿಯಲ್ಲಿ ದಪ್ಪ ಗೋಡೆಯ ಗುಂಡು ಬೀಜ, ಪ್ಯಾರಾಪ್ಸಿಲೋಸಿಸ್‌ಗೆ ಜೇಡದ ಆಕಾರ. ಗ್ಲಾಬ್ರಾಟಾಕ್ಕೆ ಎಳೆಯೇ ಇಲ್ಲ.

ಮರುದಿನ ಬೆಳಿಗ್ಗೆ ನಮ್ಮ ಪ್ಲೇಟಿನಲ್ಲಿ ಗಾಢ ನೀಲಿ ಕಾಲನಿ, ಎಲ್ಲವೂ ಒಂದೇ ಬಣ್ಣ. ಟ್ರಾಪಿಕಾಲಿಸ್. ನಮ್ಮ ದೇಶದ ಐಸಿಯುಗಳಲ್ಲಿ ಇದೇ ಜಾಸ್ತಿ. 27 ಐಸಿಯುಗಳನ್ನು ಸೇರಿಸಿ ಮಾಡಿದ ಒಂದು ಅಧ್ಯಯನದಲ್ಲಿ ಸುಮಾರು 42 ಶೇಕಡಾ ಟ್ರಾಪಿಕಾಲಿಸ್ ಬಂದಿತ್ತು. ಹೊರದೇಶದ ಪುಸ್ತಕಗಳಲ್ಲಿ ಅಲ್ಬಿಕನ್ಸ್ ಮೊದಲು ಬರುತ್ತದೆ, ಅದನ್ನೇ ಬಾಯಿಪಾಠ ಮಾಡಿ ನಮ್ಮ ರೋಗಿಗೆ ಅನ್ವಯಿಸಬಾರದು.

ಮಾಲ್ಡಿ ಇದ್ದವರಿಗೆ

ಮಾಲ್ಡಿ-ಟಾಫ್ ಮಷಿನ್ ಯೀಸ್ಟಿನ ಪ್ರೋಟೀನುಗಳ ತೂಕದ ಗುರುತು ನೋಡಿ ಹೆಸರು ಹೇಳುತ್ತದೆ. ಕಾಲನಿಯಿಂದ ಮಾಡಿದರೆ ನಿಮಿಷಗಳ ಕೆಲಸ. ಯೀಸ್ಟಿನ ಗೋಡೆ ಗಟ್ಟಿ, ಹಾಗಾಗಿ ಹಚ್ಚಿದ ಕಾಲನಿಯ ಮೇಲೆ 70 ಶೇಕಡಾದ ಫಾರ್ಮಿಕ್ ಆಮ್ಲ 1 ಮೈಕ್ರೋಲೀಟರ್ ಹಾಕಿ ಒಣಗಿಸಿ, ಆಮೇಲೆ ಮ್ಯಾಟ್ರಿಕ್ಸ್ (ಮಾಲ್ಡಿಗೆ ಬಳಸುವ ದ್ರಾವಣ) ಹಾಕಿ. ಕಾಲನಿ ದಪ್ಪಗೆ ಹಚ್ಚಿದರೆ ಸ್ಕೋರ್ (ಹೆಸರನ್ನು ಎಷ್ಟು ನಂಬಬಹುದು ಅನ್ನುವ ಅಂಕ) ಬರುವುದಿಲ್ಲ, ತೆಳುವಾಗಿ ಸವರಬೇಕು.

ಬಾಟಲಿಯಿಂದ ನೇರವಾಗಿ ಮಾಡುವುದಾದರೆ ರಕ್ತದ ಪ್ರೋಟೀನನ್ನು ಮೊದಲು ತೊಳೆದು ಹಾಕಬೇಕು. 1 ಎಂಎಲ್ ದ್ರವಕ್ಕೆ ಸಪೋನಿನ್‌ನಂಥ, ರಕ್ತಕಣ ಒಡೆಯುವ ದ್ರವ ಸೇರಿಸಿ ತಿರುಗಿಸಿ, ಮೇಲಿನ ನೀರು ಚೆಲ್ಲಿ ತೊಳೆಯಿರಿ. ತಳದ ಗಟ್ಟಿ ಬಿಳಿಯಾಗುವ ತನಕ ತೊಳೆಯಬೇಕು. ಕೆಂಪು ಉಳಿದರೆ ಹಿಮೋಗ್ಲೋಬಿನ್ನೇ ಓದಿಸಿಕೊಳ್ಳುತ್ತದೆ. ಆಮೇಲೆ 300 ಮೈಕ್ರೋಲೀಟರ್ ನೀರು, 900 ಎಥನಾಲ್. ತಿರುಗಿಸಿ, ಪೂರ್ತಿ ಒಣಗಿಸಿ, ಫಾರ್ಮಿಕ್ ಆಮ್ಲವೂ ಅಸಿಟೋನೈಟ್ರಿಲ್ಲೂ ಸಮಸಮ ಹಾಕಿ, ಮತ್ತೆ ತಿರುಗಿಸಿ, ಮೇಲಿನ ತಿಳಿ 1 ಮೈಕ್ರೋಲೀಟರ್ ಮಾಲ್ಡಿಯ ಪ್ಲೇಟಿಗಿಡಿ. ಯೀಸ್ಟ್ ಕಡಿಮೆ ಇದ್ದರೆ ಸ್ಕೋರ್ ಬರದೆ ಹೋಗಬಹುದು. ಬರಲಿಲ್ಲ ಅಂದರೆ ಬೇಸರ ಬೇಡ, ರಾತ್ರಿ ಬೆಳೆದ ತೆಳು ಪೊರೆಯಿಂದ ಬೆಳಿಗ್ಗೆ ಮತ್ತೆ ಮಾಡಿ.

ಬಾಟಲಿಯ ದ್ರವವನ್ನೇ ಹಾಕಿ ಸುಮಾರು ಒಂದು ಗಂಟೆಯಲ್ಲಿ ಹೆಸರು ಹೇಳುವ ಪಿಸಿಆರ್ (ಡಿಎನ್ಎ ನೋಡುವ) ಪ್ಯಾನೆಲ್‌ಗಳೂ ಇವೆ. ಔರಿಸ್ ಸೇರಿ ಆರು ಕ್ಯಾಂಡಿಡಾ ಮತ್ತು ಕ್ರಿಪ್ಟೊಕಾಕಸ್ ಹಿಡಿಯುವಂಥವು ಸಿಗುತ್ತವೆ. ಬೆಲೆ ದೊಡ್ಡದು. ಎಲ್ಲ ಬಾಟಲಿಗೂ ಅಲ್ಲ, ಸ್ಲೈಡಿನಲ್ಲಿ ಯೀಸ್ಟ್ ಕಂಡ ಬಾಟಲಿಗೆ ಮಾತ್ರ ಬಳಸಿದರೆ ದುಡ್ಡು ಸಾರ್ಥಕ ಅನ್ನುವುದು ನನ್ನ ಅಭಿಪ್ರಾಯ. ಪ್ಯಾನೆಲ್‌ನಲ್ಲಿ ಇಲ್ಲದ ಜಾತಿಯನ್ನು ಅದು ಹೇಳುವುದಿಲ್ಲ, ಆದ್ದರಿಂದ ಪ್ಲೇಟು ಹಚ್ಚುವುದನ್ನು ನಿಲ್ಲಿಸಬೇಡಿ.

ಔರಿಸ್ ಅನುಮಾನ ಬಂದರೆ

2009ರಲ್ಲಿ ಜಪಾನಿನಲ್ಲಿ ಒಬ್ಬರ ಕಿವಿಯಿಂದ ಮೊದಲು ಹೆಸರಾದದ್ದು ಇದು. ಈಗ ಕ್ಯಾಂಡಿಡೋಝೈಮಾ ಔರಿಸ್ ಅನ್ನುವ ಹೊಸ ಹೆಸರೂ ಬಂದಿದೆ. ರಿಪೋರ್ಟಿನಲ್ಲಿ ಹಳೆಯದು ಹೊಸದು ಎರಡೂ ಬರೆಯಿರಿ, ವಾರ್ಡಿನವರಿಗೆ ಗೊತ್ತಾಗಬೇಕಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತೀರಾ ಅಪಾಯದ ಶಿಲೀಂಧ್ರಗಳ ಸಾಲಿನಲ್ಲಿ ಇದನ್ನು ಇಟ್ಟಿದೆ.

ಯೀಸ್ಟ್ ಯಾವ ಸಕ್ಕರೆ ಬಳಸುತ್ತದೆ ಅಂತೆಲ್ಲ ನೋಡಿ ಹೆಸರು ಹೇಳುವ ಬಯೋಕೆಮಿಕಲ್ ಕಾರ್ಡಿನ ಹಳೆಯ ಡೇಟಾಬೇಸುಗಳು ಇದನ್ನು ತಪ್ಪಾಗಿ ಹೇಮುಲೋನಿಯೈ ಅಂತಲೋ, ಫಮಾಟಾ ಅಂತಲೋ, ರೋಡೊಟೊರುಲಾ ಅಂತಲೋ ಹೇಳುತ್ತವೆ. ರೋಡೊಟೊರುಲಾ ಕಾಲನಿ ಹವಳದ ಬಣ್ಣದ್ದು. ಕಾರ್ಡು ಆ ಹೆಸರು ಹೇಳಿ, ಪ್ಲೇಟಿನಲ್ಲಿ ಕಾಲನಿ ಬೆಳ್ಳಗಿದ್ದರೆ ಅಲ್ಲೇ ನಿಲ್ಲಿ. ಜರ್ಮ್ ಟ್ಯೂಬ್ ಇಲ್ಲ, ಕಾರ್ನ್‌ಮೀಲಿನಲ್ಲಿ ಎಳೆ ಇಲ್ಲ, ಫ್ಲುಕೊನಜೋಲ್‌ಗೆ ಬಗ್ಗುವುದಿಲ್ಲ, 42 ಡಿಗ್ರಿಯಲ್ಲೂ ಬೆಳೆಯುತ್ತದೆ. ಇವಿಷ್ಟು ಕೂಡಿದರೆ ಔರಿಸ್ ಅಂತಲೇ ಎಣಿಸಿ, ಮಾಲ್ಡಿ ಅಥವಾ ಸೀಕ್ವೆನ್ಸಿಂಗ್ ಇರುವ ಕಡೆ ಕಳಿಸಿ. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವೇ ಇದೆ.

ಫಲಿತಾಂಶ ಬರುವ ತನಕ ಕಾಯದೆ ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರಿಗೆ ಫೋನ್ ಮಾಡಿ. ಔರಿಸ್ ಹಾಸಿಗೆಯ ಕಂಬಿ, ಬಿಪಿ ಪಟ್ಟಿಗಳ ಮೇಲೆ ವಾರಗಟ್ಟಲೆ ಉಳಿದು ಪಕ್ಕದ ಬೆಡ್ಡಿಗೆ ಹೋಗುತ್ತದೆ. ಫಿನೈಲಿನಲ್ಲಿ ಒರೆಸಿದ್ದೇವೆ ಅಂದರೆ ನಂಬಿ ಕೂರಬೇಡಿ, ಕ್ಲೋರಿನ್ ಇರುವ ಹೈಪೊಕ್ಲೋರೈಟ್ ಬೇಕು. ನಮ್ಮ ಲ್ಯಾಬಿನ ಬೆಂಚಿಗೂ ಅದೇ.

ಹೆಸರು ಸಿಕ್ಕ ಮೇಲೆ

ಹೆಸರು ಹೇಳಿದ ದಿನವೇ ಔಷಧಿಗೆ ಬಗ್ಗುತ್ತದಾ ಅನ್ನುವ ಪರೀಕ್ಷೆ ಹಚ್ಚಿ. ಟ್ರಾಪಿಕಾಲಿಸ್, ಪ್ಯಾರಾಪ್ಸಿಲೋಸಿಸ್‌ಗಳಲ್ಲೂ ಈಗ ಫ್ಲುಕೊನಜೋಲ್‌ಗೆ ಬಗ್ಗದ ತಳಿಗಳು ಬರುತ್ತಿವೆ, ಬರೀ ಹೆಸರು ನಂಬಿದರೆ ಸಾಲದು. ಕುಂದಗೋಳದವರದು ಬಗ್ಗುವ ತಳಿಯೇ ಆಗಿತ್ತು. ಸೆಂಟ್ರಲ್ ಲೈನ್ ತೆಗೆದರು, ಕಣ್ಣಿನ ಡಾಕ್ಟರು ಬಂದು ಒಳಪರದೆ ನೋಡಿದರು. ಪ್ರತಿದಿನ ಹೊಸ ಬಾಟಲಿ ಬರುತ್ತಿತ್ತು. ರಕ್ತ ಮೊದಲ ಸಲ ಶುದ್ಧವಾದ ದಿನದಿಂದ 14 ದಿನ ಔಷಧಿ ಎಣಿಸುತ್ತಾರೆ, ಹಾಗಾಗಿ ಆ ಬಾಟಲಿಯ ತಾರೀಖು ನಮ್ಮ ರಿಜಿಸ್ಟರಿನಲ್ಲಿ ಸ್ಪಷ್ಟವಾಗಿರಬೇಕು. ಅವರ ನಾಲ್ಕನೇ ದಿನದ ಬಾಟಲಿ ಐದು ದಿನವೂ ಕೂಗಲಿಲ್ಲ.

ಆ ಯೀಸ್ಟನ್ನು ಗ್ಲಿಸರಾಲ್ ಹಾಕಿದ ಎರಡು ಟ್ಯೂಬಿಗೆ ತುಂಬಿ, ಲ್ಯಾಬ್ ನಂಬರು, ತಾರೀಖು, ಜಾತಿಯ ಹೆಸರು ಬರೆದು ಡೀಪ್ ಫ್ರೀಜರಿನ ಮೂರನೇ ಅರೆಯಲ್ಲಿಟ್ಟೆ. ಈಗ ಹೊಸ ಹುಡುಗಿಯರು ಜರ್ಮ್ ಟ್ಯೂಬ್ ಕಲಿಯುವಾಗ ಅದನ್ನೂ ತೆಗೆದು ಜೊತೆಗಿಟ್ಟು ನೋಡುತ್ತಾರೆ.